ವಿಮಾನವೇರುವ ವೈನ್‌ಗೆ ತಕ್ಕ ಪೆಟ್ಟಿಗೆ

2006ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಪೊಲೀಸರು ಬಯಲಿಗೆಳೆದ ಒಂದು ಸಂಚಿನಿಂದಾಗಿ, ವೈನ್ ಬಾಟಲಿಯನ್ನು ಕೈಚೀಲದಲ್ಲಿಟ್ಟುಕೊಂಡು ವಿಮಾನ ಹತ್ತುವ ಕಾಲ ಮುಗಿಯಿತು. ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಸಿಡಿಸಬೇಕೆಂಬ ಆ ಸಂಚು ಹೊರಬಿದ್ದ ಬಳಿಕ, ಪ್ರಯಾಣಿಕರು ತಮ್ಮೊಡನೆ ಒಯ್ಯುವ ಯಾವ ದ್ರವದ ಧಾರಕವೂ 100 ಮಿಲಿಲೀಟರ್ ಮೀರಬಾರದೆಂಬ ನಿಯಮ ಬಹುತೇಕ ಎಲ್ಲ ದೇಶಗಳ ಅಂತರರಾಷ್ಟ್ರೀಯ ವಿಮಾನಯಾನದಲ್ಲಿ ನೆಲೆಗೊಂಡಿತು. ಸುಂಕರಹಿತ ಮಳಿಗೆಯಲ್ಲಿ ಕೊಂಡು, ತೆರೆದರೆ ತಿಳಿದುಬಿಡುವಂತೆ ಮುದ್ರೆಯೊತ್ತಿದ ಚೀಲದಲ್ಲಿ ಪಡೆದ ಬಾಟಲಿಗಷ್ಟೇ ಇದರಿಂದ ವಿನಾಯಿತಿ ಉಂಟು. ದಾರಿಯಲ್ಲಿ ವಿಮಾನ ಬದಲಿಸಿ ಮತ್ತೊಮ್ಮೆ ತಪಾಸಣೆಗೆ ನಿಲ್ಲಬೇಕಾದಲ್ಲಿ ಆ ವಿನಾಯಿತಿಯೂ ಖಚಿತವಲ್ಲ. ಹೀಗಾಗಿ ದ್ರಾಕ್ಷಿತೋಟದಲ್ಲೋ ಊರಿನ ಅಂಗಡಿಯಲ್ಲೋ ಕೊಂಡ 750 ಮಿಲಿಲೀಟರಿನ ಬಾಟಲಿಗೆ ಬಹುತೇಕ ಕಡೆ ಉಳಿದಿರುವ ಜಾಗ ಚೆಕ್-ಇನ್ ಲಗೇಜ್ ಒಂದೇ.

ಸಾಮಾನುಗಳ ಜೊತೆ ವಿಮಾನದ ಒಡಲನ್ನು ಸೇರಿದ ಬಾಟಲಿ ಒತ್ತಡದ ಏರುಪೇರಿಗೆ ಒಡೆಯುತ್ತದೆ ಅಥವಾ ಬಿರಡೆಯನ್ನು ಹಾರಿಸುತ್ತದೆ ಎಂಬ ಅಂಜಿಕೆ ವ್ಯಾಪಕವಾಗಿದೆಯಾದರೂ ಅದಕ್ಕೆ ಆಧಾರ ಕಡಿಮೆ. ಪ್ರಯಾಣಿಕ ವಿಮಾನಗಳಲ್ಲಿ ಸರಕಿನ ಭಾಗವನ್ನೂ ಮೇಲಿನ ಆಸನಗಳ ಭಾಗದಷ್ಟೇ ಒತ್ತಡದಲ್ಲಿಡಲಾಗುತ್ತದೆ. ಆ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು, ಅಂದರೆ ಕಡಿಮೆಯೆಂದರೂ ಸಮುದ್ರಮಟ್ಟದ ವಾಯುಭಾರದ ಸುಮಾರು ಮುಕ್ಕಾಲು ಭಾಗದಷ್ಟು ಇರುತ್ತದೆ. ಸುಮಾರು ಆರು ವಾಯುಭಾರದ ಒತ್ತಡವನ್ನು ಸದಾ ಒಳಗಿಟ್ಟುಕೊಂಡಿರುವ ಶಾಂಪೇನ್ ಬಾಟಲಿಗೆ ಈ ಕಾಲು ಭಾಗದ ವ್ಯತ್ಯಾಸ ಲೆಕ್ಕಕ್ಕೇ ಬಾರದು, ಸಾಧಾರಣ ವೈನಿನ ಕಾರ್ಕ್ ಕೂಡ ಇದನ್ನು ಸುಲಭವಾಗಿ ತಡೆಯುತ್ತದೆ. ಚಳಿಯ ವಿಚಾರವೂ ಹೆಚ್ಚು ಕಡಿಮೆ ಹೀಗೆಯೇ. ಹೊರಗಿನ ಗಾಳಿ ಸೊನ್ನೆಗಿಂತ 50 ಡಿಗ್ರಿ ಕೆಳಗಿದ್ದರೂ ದೊಡ್ಡ ವಿಮಾನಗಳ ಸರಕಿನ ಭಾಗ ಸಾಮಾನ್ಯವಾಗಿ ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯುವುದಿಲ್ಲ. ಅದಲ್ಲದೆ ಮದ್ಯಸಾರ ಬೆರೆತಿರುವ ಕಾರಣ ವೈನ್ ಗಟ್ಟಿಯಾಗಲು ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿನ ಚಳಿ ಬೇಕು. ಇದಕ್ಕಿಂತ ನಿಜವಾದ ತೊಂದರೆ ಬೇಸಿಗೆಯ ಮಧ್ಯಾಹ್ನ ವಿಮಾನ ನಿಲ್ದಾಣದ ಕಾದ ನೆಲದ ಮೇಲೆ ತಳ್ಳುಬಂಡಿಯಲ್ಲಿ ಕಾಯುವ ಹೊತ್ತಿನದು, ಏಕೆಂದರೆ ಕಾವೇರಿದ ವೈನ್ ಹಿಗ್ಗಿ ಕಾರ್ಕನ್ನು ಒಳಗಿನಿಂದ ತಳ್ಳುತ್ತದೆ ಮತ್ತು ಅದರ ಕಂಪೂ ಕೆಡುತ್ತದೆ.

ಬಾಟಲಿಯನ್ನು ಒಡೆಯುವುದು ಪೆಟ್ಟು. ಗಾಜು ಒತ್ತುವ ಬಲವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆಯಾದರೂ ಎಳೆಯುವ ಬಲಕ್ಕೆ ಸೋಲುತ್ತದೆ. ಒಂದು ಬಿಂದುವಿನಲ್ಲಿ ಏಟು ಬಿದ್ದಾಗ ಅದರ ಗೋಡೆ ತುಸು ಬಾಗಿ, ಮೇಲ್ಮೈಯಲ್ಲಿರುವ ಕಣ್ಣಿಗೆ ಕಾಣದ ಗೀರುಗಳಲ್ಲೊಂದು ಎಳೆತಕ್ಕೆ ಸಿಕ್ಕಿ ಬಾಯ್ದೆರೆಯುತ್ತದೆ. ಸಾಗುಪಟ್ಟಿಯ ತಿರುವಿನಲ್ಲಿ ಉರುಳುವ, ಬಂಡಿಯಿಂದ ನೆಲಕ್ಕೆ ಎಸೆಯಲ್ಪಡುವ ಪೆಟ್ಟಿಗೆಯಲ್ಲಿ ಎರಡು ಬಾಟಲಿಗಳು ಒಂದಕ್ಕೊಂದು ತಾಗುವುದು, ಇಲ್ಲವೇ ಬಾಟಲಿಯೊಂದು ಪೆಟ್ಟಿಗೆಯ ಗೋಡೆಗೆ ನೇರವಾಗಿ ಬಡಿಯುವುದು ಅತ್ಯಂತ ಅಪಾಯಕಾರಿ. ಆದುದರಿಂದ ಲಗೇಜ್ ಆಯ್ಕೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಬಾಟಲಿಗೂ ಬಾಟಲಿಗೂ ನಡುವೆ, ಬಾಟಲಿಗೂ ಹೊರಗೋಡೆಗೂ ನಡುವೆ ಎಷ್ಟು ಮೆತ್ತನೆಯ ಅಂತರ ಉಳಿಯುತ್ತದೆ ಎಂಬುದು. ಪೆಟ್ಟಿಗೆಯ ಹೊರಮೈ ಎಷ್ಟು ಗಟ್ಟಿ ಎಂಬುದು ಆಮೇಲಿನ ಮಾತು.

ಈ ಅಂತರವನ್ನು ಅತಿ ಅಗ್ಗವಾಗಿ ಒದಗಿಸುವುದು ಬಾಟಲಿಯ ಆಕಾರದ ಪ್ಲಾಸ್ಟಿಕ್ ಚೀಲಗಳು. ಒಳಭಾಗದಲ್ಲಿ ಗಾಳಿಗುಳ್ಳೆಗಳ ಪದರವಿರುವ, ಬಾಯಿಯನ್ನು ಗಟ್ಟಿಯಾಗಿ ಅಂಟಿಸಿ ಮುಚ್ಚಬಹುದಾದ ಇವುಗಳ ನಿಜವಾದ ಉಪಯೋಗ ಬಾಟಲಿ ಒಡೆದಾಗ ತಿಳಿಯುತ್ತದೆ, ಏಕೆಂದರೆ ಕೆಂಪು ವೈನ್ ಬಟ್ಟೆಗಳ ಮೇಲೆ ಹರಿಯದೆ ಚೀಲದಲ್ಲೇ ಉಳಿಯುತ್ತದೆ. ಪೆಟ್ಟನ್ನು ತಡೆಯುವುದರಲ್ಲಿ ಮಾತ್ರ ಅವು ಒಂಟಿಯಾಗಿ ಸಾಲವು. ಚೀಲದಲ್ಲಿಟ್ಟ ಬಾಟಲಿಯನ್ನು ಸೂಟ್‌ಕೇಸಿನ ನಟ್ಟನಡುವೆ, ಸುತ್ತಲೂ ನಾಲ್ಕೈದು ಸೆಂಟಿಮೀಟರ್ ಬಟ್ಟೆಯ ದಪ್ಪ ಬರುವಂತೆ ಮಲಗಿಸಿ, ಅಲುಗಾಡದಷ್ಟು ಬಿಗಿಯಾಗಿ ತುಂಬಬೇಕಾಗುತ್ತದೆ. ಎರಡನೆಯದು ತರ್ಮೋಕೋಲಿನ ಅಚ್ಚುಗಳನ್ನಿಟ್ಟ ರಟ್ಟಿನ ಪೆಟ್ಟಿಗೆ. ತರ್ಮೋಕೋಲಿನ ಸಣ್ಣ ಕೋಶಗಳು ಏಟು ಬಿದ್ದಾಗ ನುಜ್ಜುಗುಜ್ಜಾಗಿ ಅದರ ಶಕ್ತಿಯನ್ನು ಹೀರಿಕೊಳ್ಳುತ್ತವೆ, ಆದರೆ ಒಮ್ಮೆ ನುಜ್ಜಾದ ಕೋಶ ಮತ್ತೆ ಉಬ್ಬುವುದಿಲ್ಲವಾದ್ದರಿಂದ ಅದೇ ಜಾಗಕ್ಕೆ ಎರಡನೆಯ ಏಟು ಬಿದ್ದರೆ ರಕ್ಷಣೆ ಕುಗ್ಗಿರುತ್ತದೆ. ಇಂಥ ರಟ್ಟಿನ ಪೆಟ್ಟಿಗೆಯನ್ನೇ ಒಳಗೆ ಕೂರಿಸಿಕೊಳ್ಳುವ, ಚಕ್ರವೂ ಹಿಡಿಯೂ ಉಳ್ಳ ಬಟ್ಟೆಯ ಹೊದಿಕೆಗಳೂ ಬಂದಿವೆ.

ಮೂರನೆಯದು ವೈನಿಗೆಂದೇ ರೂಪಿಸಿದ ಸೂಟ್‌ಕೇಸ್. ಇದರ ಹೊರಮೈ ಸಾಮಾನ್ಯವಾಗಿ ಪಾಲಿಕಾರ್ಬೊನೇಟಿನದು, ಅಂದರೆ ಏಟಿಗೆ ಬಿರುಕು ಬಿಡದೆ ತುಸು ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಮರಳುವ ಪ್ಲಾಸ್ಟಿಕ್ಕಿನದು. ಒಳಗೆ ದಟ್ಟವಾದ ಫೋಮಿನಲ್ಲಿ ಹನ್ನೆರಡು ಬಾಟಲಿಗಳಿಗೆ ಗೂಡುಗಳನ್ನು ಕೊರೆದಿರುತ್ತಾರೆ. ಅಮೆರಿಕದಲ್ಲಿ ಹೆಸರು ಮಾಡಿರುವ ವಿನ್‌ಗಾರ್ಡ್‌ವಲೀಸ್ ಈ ಬಗೆಯದೇ. ಗೂಡುಗಳ ಫೋಮನ್ನು ಭಾಗಭಾಗವಾಗಿ ಹೊರತೆಗೆಯಲು ಸಾಧ್ಯವಿದ್ದರೆ ಹೋಗುವಾಗ ಬಟ್ಟೆ, ಬರುವಾಗ ವೈನ್ ಎಂಬ ಅನುಕೂಲವಿರುತ್ತದೆ. ಇಡೀ ಫೋಮ್ ಒಂದೇ ತುಂಡಾಗಿದ್ದರೆ ಖಾಲಿ ಪೆಟ್ಟಿಗೆಗೇ ಒಂದು ಲಗೇಜಿನ ಶುಲ್ಕ ತೆರಬೇಕಾದ ವಿಚಿತ್ರ ಸನ್ನಿವೇಶ ಬರುತ್ತದೆ.

ಗೂಡಿನ ಅಳತೆಯನ್ನು ಕೊಳ್ಳುವ ಮುನ್ನ ನೋಡುವವರು ಕಡಿಮೆ, ನೋಡಲೇಬೇಕಾದದ್ದು ಅದೇ. ಫ್ರಾನ್ಸಿನ ಬೋರ್ಡೊ ಪ್ರದೇಶದ ಬಾಟಲಿ ನೆಟ್ಟಗಿನ ಮೈ, ಎದ್ದು ಕಾಣುವ ಹೆಗಲು ಉಳ್ಳದ್ದಾಗಿ ಸುಮಾರು ಏಳೂವರೆ ಸೆಂಟಿಮೀಟರ್ ಅಗಲವಿರುತ್ತದೆ. ಬರ್ಗಂಡಿಯದು ಇಳಿಜಾರು ಹೆಗಲಿನದಾಗಿದ್ದು ಬುಡದಲ್ಲಿ ಹೆಚ್ಚು ಅಗಲ. ಒತ್ತಡ ತಾಳಬೇಕಾದ ಶಾಂಪೇನ್ ಬಾಟಲಿ ಇನ್ನೂ ದಪ್ಪ. ಜರ್ಮನಿಯ ರೀಸ್ಲಿಂಗ್ ತುಂಬುವ ಬಾಟಲಿ ತೆಳ್ಳಗೆ ಬಹಳ ಉದ್ದವಾಗಿರುತ್ತದೆ. ಬೋರ್ಡೊ ಬಾಟಲಿಯನ್ನಷ್ಟೇ ಮನಸ್ಸಿನಲ್ಲಿಟ್ಟು ಮಾಡಿದ ಗೂಡಿಗೆ ಶಾಂಪೇನ್ ಇಳಿಯುವುದಿಲ್ಲ, ಶಾಂಪೇನಿಗೆ ಮಾಡಿದ್ದರಲ್ಲಿ ಬೋರ್ಡೊ ಅಲುಗಾಡುತ್ತದೆ. ಅಲುಗಾಟವನ್ನು ಕಾಲುಚೀಲ ತುರುಕಿ ನಿಲ್ಲಿಸಬಹುದಾದ ಕಾರಣ, ಆಯ್ಕೆ ಮಾಡಲೇಬೇಕಾದರೆ ಅಗಲದ ಗೂಡೇ ಲೇಸು.

ತೂಕದ ಲೆಕ್ಕಕ್ಕೆ ಬಂದರೆ ಜಾಹೀರಾತಿನ ಹನ್ನೆರಡು ಬಾಟಲಿಗಳ ಭರವಸೆ ಬಿಗಿಯಾಗತೊಡಗುತ್ತದೆ. 750 ಮಿಲಿಲೀಟರ್ ವೈನ್ ಮುಕ್ಕಾಲು ಕಿಲೋ, ಸಾಧಾರಣ ಗಾಜು ಅರ್ಧ ಕಿಲೋ ಎಂದಿಟ್ಟುಕೊಂಡರೆ ಹನ್ನೆರಡು ಬಾಟಲಿಗಳಿಗೆ 15 ಕಿಲೋ ಆಗುತ್ತದೆ. ಏಳು ಕಿಲೋ ತೂಗುವ ಖಾಲಿ ಪೆಟ್ಟಿಗೆಯನ್ನು ಸೇರಿಸಿದರೆ 22. ಅಂತರರಾಷ್ಟ್ರೀಯ ಸಾಮಾನ್ಯ ದರ್ಜೆಯಲ್ಲಿ ಒಂದು ಪೆಟ್ಟಿಗೆಗೆ ಅನೇಕ ವಿಮಾನ ಸಂಸ್ಥೆಗಳು ಕೊಡುವ ಮಿತಿ 23 ಕಿಲೋ. ಆದರೆ ಬೆಲೆಬಾಳುವ ವೈನಿನ ಬಾಟಲಿಗಳನ್ನು ಘನತೆಗೆಂದು ದಪ್ಪ ಗಾಜಿನಲ್ಲಿ ಮಾಡುವ ಚಾಳಿಯೊಂದಿದ್ದು, ಖಾಲಿ ಬಾಟಲಿಯೇ 900 ಗ್ರಾಂ ತೂಗಿದರೆ ಒಟ್ಟು ತೂಕ 27 ಕಿಲೋ ಸಮೀಪಿಸುತ್ತದೆ. ಆಗ ಹೆಚ್ಚುವರಿ ಶುಲ್ಕ ತೆರಬೇಕು, ಇಲ್ಲವೇ ಮೂರು ಗೂಡುಗಳನ್ನು ಖಾಲಿ ಬಿಡಬೇಕು.

ಇಷ್ಟಾದರೂ ಆಯ್ಕೆಯನ್ನು ಕೊನೆಗೆ ತೀರ್ಮಾನಿಸುವುದು ಪ್ರಯಾಣ ಮುಗಿಯುವ ನಾಡಿನ ಸುಂಕದ ನಿಯಮವೇ. ವಿಮಾನ ಸುರಕ್ಷತೆಯ ನಿಯಮಗಳು ಶೇ. 24ಕ್ಕಿಂತ ಹೆಚ್ಚು, ಶೇ. 70ರವರೆಗೆ ಮದ್ಯಸಾರವಿರುವ ಪಾನೀಯಗಳಿಗಷ್ಟೇ ತಲಾ ಐದು ಲೀಟರಿನ ಮಿತಿ ಹಾಕಿವೆ, ಸಾಮಾನ್ಯವಾಗಿ ಶೇ. 12ರಿಂದ 15ರೊಳಗೆ ಉಳಿಯುವ ವೈನ್ ಆ ಮಿತಿಯ ಹೊರಗಿದೆ. ಬೋರ್ಡೊದಿಂದ ಬರ್ಲಿನ್‌ಗೆ ಹೋಗುವವರು ಯುರೋಪಿಯನ್ ಒಕ್ಕೂಟದ ಒಳಗೇ ಇರುವುದರಿಂದ ಸ್ವಂತ ಬಳಕೆಗೆ 90 ಲೀಟರಿನವರೆಗೂ ಒಯ್ಯಬಹುದು. ಅಮೆರಿಕದ ಪಶ್ಚಿಮ ಕರಾವಳಿಯ ಹಲವು ಊರುಗಳಿಂದ ದೇಶದೊಳಗೆ ಹಾರುವ ತನ್ನ ನಿಷ್ಠಾ ಯೋಜನೆಯ ಸದಸ್ಯರಿಗೆ ಅಲಾಸ್ಕಾ ಏರ್‌ಲೈನ್ಸ್ ಒಂದು ಪೆಟ್ಟಿಗೆ ವೈನನ್ನು ಶುಲ್ಕವಿಲ್ಲದೆ ಸಾಗಿಸುವ ಸೌಲಭ್ಯ ಕೊಟ್ಟಿದೆ. ಇಂಥವರಿಗೆ ಹನ್ನೆರಡು ಗೂಡುಗಳ ಪೆಟ್ಟಿಗೆ ಅರ್ಥಪೂರ್ಣ. ಭಾರತಕ್ಕೆ ಬರುವ ವಯಸ್ಕ ಪ್ರಯಾಣಿಕರಿಗಾದರೋ ಸುಂಕವಿಲ್ಲದೆ ದೊರೆಯುವ ಅವಕಾಶ ಎಲ್ಲ ಮದ್ಯಗಳೂ ಸೇರಿ ಎರಡು ಲೀಟರ್, ಅಂದರೆ ಎರಡು ಬಾಟಲಿ ವೈನ್. ಮೂರನೆಯದು ಸೇರಿದೊಡನೆ ಲೆಕ್ಕ 2.25 ಲೀಟರ್ ಆಗಿ ಕಾಲು ಲೀಟರಿನಷ್ಟು ಮಿತಿ ಮೀರುತ್ತದೆ, ದೀರ್ಘಕಾಲ ಶೇ. 150ರಷ್ಟಿದ್ದ ವೈನ್ ಸುಂಕದ ಬಿಸಿ ಆಗ ತಟ್ಟುತ್ತದೆ. ಕ್ಯಾಲಿಫೋರ್ನಿಯಾದ ನಾಪಾ ಕಣಿವೆ ನೋಡಿಕೊಂಡು ಬೆಂಗಳೂರಿಗೆ ಮರಳುವ ದಂಪತಿಗೆ ನಾಲ್ಕು ಬಾಟಲಿ ತರಲು ನಾಲ್ಕು ಪ್ಲಾಸ್ಟಿಕ್ ಚೀಲ, ಮನೆಯಲ್ಲಿರುವ ಸೂಟ್‌ಕೇಸು ಧಾರಾಳವಾಗಿ ಸಾಕು. ಅವರು ವಿಶೇಷ ಪೆಟ್ಟಿಗೆ ಕೊಳ್ಳುವುದು ದುಂದು.

ಒಡೆದರೆ ಪರಿಹಾರ ಸಿಗುವುದೇ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಆಶಾದಾಯಕವಲ್ಲ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ, ಭಾರತವೂ 2009ರಲ್ಲಿ ಸೇರಿದ 1999ರ ಮಾಂಟ್ರಿಯಲ್ ಒಪ್ಪಂದವು ಚೆಕ್-ಇನ್ ಲಗೇಜಿಗೆ ಆದ ಹಾನಿಯ ಹೊಣೆಯನ್ನು ವಿಮಾನ ಸಂಸ್ಥೆಯ ಮೇಲೆ ಹೊರಿಸುತ್ತದೆಯಾದರೂ, ವಸ್ತುವಿನ ಸ್ವಭಾವದಲ್ಲೇ ಇರುವ ದೋಷದಿಂದಾದ ಹಾನಿಯನ್ನು ಅದರಿಂದ ಹೊರಗಿಡುತ್ತದೆ. ಗಾಜು ಒಡೆಯುವ ವಸ್ತುವೆಂಬ ವಾದಕ್ಕೆ ಇಲ್ಲಿ ಬಾಗಿಲು ತೆರೆಯುತ್ತದೆ. ಬೆಲೆಬಾಳುವ ಬಾಟಲಿಯಾದರೆ ಪ್ರತ್ಯೇಕ ವಿಮೆಯನ್ನೇ ನೆಚ್ಚಬೇಕು.

ಕರ್ನಾಟಕದಿಂದ ಹೊರಹೋಗುವ ವೈನಿಗೂ ಇದೇ ವಿವೇಚನೆ ಸಲ್ಲುತ್ತದೆ. 1988ರಲ್ಲಿ ಆರಂಭವಾದ ಗ್ರೋವರ್ ದ್ರಾಕ್ಷಿತೋಟ ಇರುವ ದೊಡ್ಡಬಳ್ಳಾಪುರವೂ ನಂದಿಬೆಟ್ಟದ ತಪ್ಪಲೂ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹತ್ತಿರದಲ್ಲಿರುವುದರಿಂದ ತೋಟದಿಂದ ನೇರವಾಗಿ ವಿಮಾನಕ್ಕೆ ಬಾಟಲಿ ಒಯ್ಯುವವರುಂಟು. ದೇಶದೊಳಗಿನ ಸಾಮಾನ್ಯ ದರ್ಜೆಯ ಲಗೇಜ್ ಮಿತಿ ಹೆಚ್ಚಾಗಿ 15 ಕಿಲೋ ಇರುವ ಕಾರಣ ಹನ್ನೆರಡು ಬಾಟಲಿಗಳ ಪೆಟ್ಟಿಗೆ ಇಲ್ಲಿ ಆಗದ ಮಾತು. ಬಟ್ಟೆಯ ಜೊತೆ ನಾಲ್ಕೈದು ಬಾಟಲಿ ಹಿಡಿಸಿದರೆ ಹೆಚ್ಚು. ಮದ್ಯ ರಾಜ್ಯಗಳ ಅಧಿಕಾರಕ್ಕೆ ಒಳಪಟ್ಟ ವಿಷಯವಾದ್ದರಿಂದ ಒಂದು ರಾಜ್ಯದಿಂದ ಇನ್ನೊಂದಕ್ಕೆ ಎಷ್ಟು ಒಯ್ಯಬಹುದೆಂಬುದನ್ನು ಎರಡೂ ಕಡೆಯ ಅಬಕಾರಿ ನಿಯಮಗಳಲ್ಲಿ ನೋಡಿ, ಖರೀದಿಯ ರಸೀದಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. 2016ರಿಂದ ಪೂರ್ಣ ಪಾನನಿಷೇಧವಿರುವ ಬಿಹಾರದ ಪಟ್ನಾಕ್ಕೆ ಅಥವಾ ಪರವಾನಗಿಯಿಲ್ಲದೆ ಗುಜರಾತಿನ ಅಹಮದಾಬಾದಿಗೆ ಹೊರಟವರಿಗಂತೂ ಯಾವ ಪೆಟ್ಟಿಗೆಯೂ ಉಪಯೋಗಕ್ಕೆ ಬರುವುದಿಲ್ಲ.