ತೂಗಾಟವೂ ಆವರ್ತನೆಯೂ

ಕೆಲವು ಕಾಲದ ಹಿಂದೆ ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯಲ್ಲಿ ಒಂದು ಹಗಲನ್ನು ಕಳೆಯುವ ಸಂದರ್ಭ ನನಗೆ ಒದಗಿತು. ಹುಣಿಸೆಯ ಮರದ ಕೊಂಬೆಗೆ ಹಗ್ಗ ಕಟ್ಟಿ ಹುಡುಗರು ಉಯ್ಯಾಲೆಯಾಡುತ್ತಿದ್ದರು. (ಊರ ಹೆಸರಿನಲ್ಲಿಯೇ ಉಯ್ಯಾಲೆಯ ಧ್ವನಿ ಕೇಳಿಸುತ್ತದೆಂದು ವಿನೋದಕ್ಕೆ ಹೇಳಬಲ್ಲೆನೇ ಹೊರತು, ಸ್ಥಳನಾಮದ ನಿಷ್ಪತ್ತಿಯ ಗೊಡವೆ ನನಗೆ ಸೇರಿದ್ದಲ್ಲ.) ನಾನು ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಹೇಳುವವನೆಂದು ತಿಳಿದ ಒಬ್ಬ ಹುಡುಗನು, “ಆಂದೋಲನಗಳೆಲ್ಲ ಆವರ್ತ ಚಲನೆಗಳು ಎಂದು ನಮ್ಮ ಪಾಠದಲ್ಲಿದೆ. ಈ ಉಯ್ಯಾಲೆ ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತದಲ್ಲ, ಸ್ವಾಮಿ? ನಿಂತುಹೋಗುವುದು ಆವರ್ತಿಸುವುದು ಹೇಗೆ?” ಎಂದು ಕೇಳಿದನು. ಅನೇಕ ವರ್ಷಗಳಿಂದ ಆ ವಾಕ್ಯವನ್ನೇ ನಾನೂ ತರಗತಿಯಲ್ಲಿ ಬರೆಯಿಸುತ್ತ ಬಂದವನು. ತಕ್ಕ ಉತ್ತರ ಹೊಳೆಯದೆ ಮಾತನ್ನು ಬೇರೆಡೆಗೆ ತಿರುಗಿಸಿದೆನು. ಈ ಭಾಷಣವನ್ನು ಆ ಹುಡುಗನಿಗೆ ಸಲ್ಲಬೇಕಾಗಿದ್ದ ಉತ್ತರವೆಂದು ಶ್ರೋತೃಗಳು ಭಾವಿಸಬಹುದು.

ಒಂದು ವಸ್ತು ತಾನು ಸುಮ್ಮನೆ ನಿಲ್ಲತಕ್ಕ ಒಂದು ನೆಲೆಯ ಆಚೆಗೂ ಈಚೆಗೂ ಹೋಗಿ ಬರುತ್ತಿದ್ದರೆ ಅದು ಆಂದೋಲನ. ನಿಯತವಾದ ಒಂದು ಅವಧಿ ಕಳೆದೊಡನೆ ಚಲನೆಯು ಇದ್ದದ್ದು ಇದ್ದಂತೆಯೇ ಮರುಕಳಿಸಿದರೆ ಅದು ಆವರ್ತ. ಮೊದಲನೆಯದು ದಾರಿಯನ್ನು ಕುರಿತ ಮಾತು. ಎರಡನೆಯದು ಕಾಲವನ್ನು ಕುರಿತದ್ದು.

ಆ ಸೀಮೆಯಲ್ಲಿ ರೇಷ್ಮೆಯ ನೂಲನ್ನು ತೆಗೆಯುವ ಚರಕವನ್ನು ನೆನೆಯಿರಿ. ಅದರ ಚಕ್ರ ಒಂದೇ ವೇಗದಿಂದ ತಿರುಗುತ್ತಿದ್ದರೆ ಹಿಡಿಯು ಗೊತ್ತಾದ ಕಾಲಕ್ಕೆ ಹೊರಟ ಎಡೆಗೇ ಬರುತ್ತದೆ. ಇದು ಆವರ್ತ, ಆದರೆ ಅದು ಎಲ್ಲಿಯೂ ಹಿಮ್ಮೆಟ್ಟುವುದಿಲ್ಲವಾದುದರಿಂದ ಆಂದೋಲನವಲ್ಲ. ಈಗ ಅದೇ ಚರಕವನ್ನು ಬಿಸಿಲಿನಲ್ಲಿರಿಸಿ, ಸೂರ್ಯನು ನೆತ್ತಿಯ ಮೇಲಿರುವಾಗ ಹಿಡಿಯ ನೆರಳನ್ನು ನೆಲದ ಮೇಲೆ ನೋಡಿದರೆ, ನೆರಳು ಒಂದೇ ಗೆರೆಯಲ್ಲಿ ಹೋಗಿ ಬರುತ್ತಿರುತ್ತದೆ; ನಡುವೆ ಬೇಗ, ಕೊನೆಗಳಲ್ಲಿ ನಿಧಾನ. ನೆರಳಿನದು ಆಂದೋಲನವೂ ಹೌದು, ಆವರ್ತವೂ ಹೌದು. ಇದಕ್ಕೆ ಸರಳ ಸಂಗತ ಚಲನೆಯೆಂದು ಹೆಸರು. ಸುತ್ತುವುದಕ್ಕೂ ತೂಗುವುದಕ್ಕೂ ಇರುವ ನಂಟನ್ನು ಇದಕ್ಕಿಂತ ಸುಲಭವಾಗಿ ತೋರಿಸುವ ಉಪಾಯವನ್ನು ನಾನು ಕಾಣೆ.

ಇನ್ನು ಉಯ್ಯಾಲೆ. 4 ಮೀಟರ್ ಉದ್ದದ ಲೋಲಕವೊಂದು ಸಣ್ಣಗೆ ತೂಗಿದರೆ ಒಮ್ಮೆ ಹೋಗಿ ಬರಲು ಸುಮಾರು 4 ಸೆಕೆಂಡು ಹಿಡಿಯುತ್ತದೆ. 1 ಮೀಟರಿನದಕ್ಕೆ 2 ಸೆಕೆಂಡು. ಆದರೆ ಗಾಳಿಯೂ ಕೊಂಬೆಯ ಉಜ್ಜಾಟವೂ ಪ್ರತಿ ಸಲವೂ ಸ್ವಲ್ಪ ಶಕ್ತಿಯನ್ನು ಕಸಿದುಕೊಳ್ಳುವುದರಿಂದ, ಮುಂದಿನ ತೂಗು ಹಿಂದಿನದರ ಪಡಿಯಚ್ಚಾಗಿರುವುದಿಲ್ಲ. ಕಾಲವಾದರೂ ಒಂದೇ ಆಗಿರುತ್ತದೆಯೆ ಎಂದರೆ, ಅದೂ ಇಲ್ಲ. ಲೋಲಕವನ್ನು 30 ಡಿಗ್ರಿ ಎಳೆದು ಬಿಟ್ಟಾಗ ಹಿಡಿಯುವ ಕಾಲವು ಸಣ್ಣ ತೂಗಿನ ಕಾಲಕ್ಕಿಂತ ನೂರಕ್ಕೆ ಸುಮಾರು 1.7ರಷ್ಟು ಹೆಚ್ಚು. ತೂಗು ಕುಗ್ಗಿದಂತೆಲ್ಲ ಈ ಹೆಚ್ಚಳವೂ ಕರಗುತ್ತದೆ. ಹುಡುಗನ ಸಂದೇಹ ನ್ಯಾಯವಾದದ್ದೇ: ತಾನಾಗಿ ಬಿಟ್ಟ ಉಯ್ಯಾಲೆ ಆಂದೋಲಿಸುತ್ತದೆ, ನಿಷ್ಕೃಷ್ಟಾರ್ಥದಲ್ಲಿ ಆವರ್ತಿಸುವುದಿಲ್ಲ. ಹೋದಷ್ಟು ಶಕ್ತಿಯನ್ನು ಹಿಂದೆ ನಿಂತವನು ಹದವರಿತು ನೂಕಿ ತುಂಬಿಕೊಟ್ಟರೆ ಮಾತ್ರ ಅದು ಆವರ್ತವಾದೀತು. ಹಾಲೆಂಡಿನ ಹೈಗೆನ್ಸನು 1656ರಲ್ಲಿ ಕಲ್ಪಿಸಿದ ಲೋಲಕದ ಗಡಿಯಾರದಲ್ಲಿ ಹಲ್ಲಿನ ಚಕ್ರವು ಮಾಡುವ ಕೆಲಸವೂ ಇದೇ.

ಇದು ಬರಿಯ ಶಬ್ದಜಗಳವೆಂದು ಎಣಿಸಬೇಡಿ. 1865ರಿಂದ ಬಸೇವಿ ಎಂಬ ಅಧಿಕಾರಿಯು ಭೂಮಿಯ ಆಕರ್ಷಣೆಯನ್ನು ಅಳೆಯಲು ಲೋಲಕಗಳನ್ನು ಹೊತ್ತು ಇಂಡಿಯಾದಲ್ಲೆಲ್ಲ ತಿರುಗಿದನು, ಬೆಂಗಳೂರಿನಲ್ಲಿಯೂ ತೂಗಿಸಿದನು. ಗಾಳಿಯನ್ನು ತೆಗೆದ ಪಾತ್ರೆಯೊಳಗೆ ಲೋಲಕವನ್ನು ಆಡಿಸಿ, ತೂಗು ಎಷ್ಟು ಕುಗ್ಗಿತೆಂಬುದನ್ನು ಗುರುತಿಸಿ ಲೆಕ್ಕವನ್ನು ತಿದ್ದಬೇಕಾಗಿತ್ತು. ಈ ಕೆಲಸದಲ್ಲಿಯೇ ಅವನು 1871ರಲ್ಲಿ ಲಡಾಖಿನ ಎತ್ತರದಲ್ಲಿ ತೀರಿಕೊಂಡನು.

ಮತ್ತೊಂದು ನಿದರ್ಶನ ಸಂಗೀತ ಬಲ್ಲವರಿಗೆ ಹಿಡಿಸೀತು. ಬರಿಯ ಚರ್ಮ ಬಿಗಿದ ದುಂಡನೆಯ ವಾದ್ಯವನ್ನು ಬಡಿದರೆ ಚರ್ಮವು ಏಕಕಾಲದಲ್ಲಿ ಹಲವು ಬಗೆಯಾಗಿ ಕಂಪಿಸುತ್ತದೆ. ಮೂಲ ಕಂಪನದ ಸಂಖ್ಯೆಯನ್ನು 1 ಎಂದರೆ, ಮುಂದಿನವು ಸುಮಾರು 1.59, 2.14, ಹೀಗೆ. ಇವು ಪೂರ್ಣಾಂಕಗಳ ಹೊಂದಿಕೆಗೆ ಬಾರವು. ಸದ್ದು ಅಡಗುವುದೇ ಇಲ್ಲವೆಂದು ಭಾವಿಸಿದರೂ ಅವುಗಳ ಕೂಟವು ಮೊದಲಿನ ಸ್ಥಿತಿಗೆ ಸರಿಯಾಗಿ ಮರಳುವುದಿಲ್ಲ. ಪ್ರತಿಯೊಂದು ಕಂಪನವೂ ಆವರ್ತ, ಒಟ್ಟು ಮಾತ್ರ ಅನಾವರ್ತ. ಆದ್ದರಿಂದಲೇ ಅದು ಕಿವಿಗೆ ಶ್ರುತಿಯಾಗದೆ ಬರಿಯ ಸದ್ದಾಗುತ್ತದೆ. ಮೃದಂಗದ ಬಲಮುಖದ ನಡುವೆ ಮೆತ್ತುವ ಕರಣೆಯ ಭಾರವು ಈ ಕಂಪನಗಳನ್ನು ಹೆಚ್ಚುಕಡಮೆ 1, 2, 3, 4, 5ರ ಪ್ರಮಾಣಕ್ಕೆ ತರುತ್ತದೆ. ಆಗ ಒಟ್ಟು ಚಲನೆಯೂ ಆವರ್ತವಾಗಿ ನಾದ ಹುಟ್ಟುತ್ತದೆ. ಇದನ್ನು ಸಿ. ವಿ. ರಾಮನ್ನರು 1920ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿ, 1934ರಲ್ಲಿ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ವಿಸ್ತರಿಸಿದರು. ಗಣಿತವನ್ನು ಕೇಳದೆ ಕಿವಿಯನ್ನೇ ನಂಬಿ ಕರಣೆಯನ್ನು ಹದಗೊಳಿಸಿದ ನಮ್ಮ ಕುಶಲಕರ್ಮಿಗಳ ಹೆಸರುಗಳು ಮಾತ್ರ ಯಾವ ಪತ್ರಿಕೆಯಲ್ಲಿಯೂ ಇಲ್ಲ.

ನನ್ನ ಟಿಪ್ಪಣಿಯಲ್ಲಿದ್ದ ಆ ಹಳೆಯ ವಾಕ್ಯವನ್ನು ಈಗ ಹೊಡೆದುಹಾಕಿ, “ನಷ್ಟವಿಲ್ಲದೆ ಒಂದೇ ಬಗೆಯಾಗಿ ತೂಗುವ ಆಂದೋಲನವು ಆವರ್ತ” ಎಂದು ಬರೆದಿದ್ದೇನೆ. ಉಯ್ಯಂಬಳ್ಳಿಯ ಹುಡುಗನು ಇದರಲ್ಲಿಯೂ ಏನಾದರೂ ತಪ್ಪು ಹಿಡಿದಾನು.