ಆಲೆಮನೆಯ ಒಲೆಯಲ್ಲಿ ಶಾಖದ ಲೆಕ್ಕ

ಮುಚ್ಚಿದ ಪಾತ್ರೆಯಲ್ಲಿ ಒತ್ತಡದಿಂದ ಹಬೆಯನ್ನುಂಟುಮಾಡುವ ಬಾಯ್ಲರುಗಳಿಗೆ ನಮ್ಮ ದೇಶದಲ್ಲಿ 1923ರಿಂದಲೂ ಕಾಯಿದೆಯುಂಟು. ಬೆಂಗಳೂರಿನ ಪಶ್ಚಿಮಕ್ಕೆ ಲಗ್ಗೆರೆಯ ಮಗ್ಗುಲಲ್ಲಿರುವ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಬಾಯ್ಲರನ್ನು ಇಟ್ಟುಕೊಂಡಿರುವವರು ಅದನ್ನು ಪರೀಕ್ಷೆಗೆ ಒಪ್ಪಿಸಲೇಬೇಕು. ಮಂಡ್ಯದ ಸೀಮೆಯ ಆಲೆಮನೆಯ ಕೊಪ್ಪರಿಗೆಯಾದರೋ ಬಾಯಿ ತೆರೆದ ಪಾತ್ರೆ. ಅದಕ್ಕೆ ಕಾಯಿದೆಯೂ ಇಲ್ಲ, ಇಂಜಿನಿಯರನೂ ಇಲ್ಲ. ಆದರೂ ನೀರನ್ನು ಆವಿಯಾಗಿಸುವ ಕೆಲಸ ಎರಡಕ್ಕೂ ಒಂದೇ, ಲೆಕ್ಕವೂ ಒಂದೇ.

ನೂರು ಕಿಲೋ ಕಬ್ಬನ್ನು ಒಳ್ಳೆಯ ಗಾಣದಲ್ಲಿ ಅರೆದರೆ ಸುಮಾರು 65 ಕಿಲೋ ರಸ ದೊರೆಯುವುದು. ಅದರಿಂದ 11-12 ಕಿಲೋ ಬೆಲ್ಲವಾಗಬೇಕಾದರೆ ಸುಮಾರು 52 ಕಿಲೋ ನೀರು ಹಬೆಯಾಗಿ ಹೋಗಬೇಕು. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿಮಾಡುವ ಶಾಖಕ್ಕೆ ಒಂದು ಕಿಲೋಕ್ಯಾಲರಿಯೆಂದು ಹೆಸರು. ರಸವನ್ನು ಕುದಿಗೆ ತರಲು 4,400, ನೀರನ್ನು ಹಬೆಯಾಗಿಸಲು ಕಿಲೋಗೆ 540ರಂತೆ 28,100, ಒಟ್ಟು 32,500 ಕಿಲೋಕ್ಯಾಲರಿ ಬೇಕು.

ಇನ್ನು ಸೌದೆಯ ಕಡೆ ನೋಡುವ. ಅರೆದ ಮೇಲೆ ಉಳಿದ 35 ಕಿಲೋ ಹಸಿ ಸಿಪ್ಪೆಯಲ್ಲಿ ಅರ್ಧಪಾಲು ನೀರೇ. ಇದನ್ನು ಚೆನ್ನಾಗಿ ಒಣಗಿಸಿದರೆ 19 ಕಿಲೋ ಆಗುವುದು. ಕಿಲೋಗೆ ಸುಮಾರು 3,600ರಂತೆ 68,400 ಕಿಲೋಕ್ಯಾಲರಿ. ಎಂದರೆ ಒಲೆಯ ಶಾಖದಲ್ಲಿ ಅರ್ಧದಷ್ಟು ರಸಕ್ಕೆ ತಲುಪಿದರೂ ಕಬ್ಬು ತನ್ನ ರಸವನ್ನು ತಾನೇ ಕಾಯಿಸಿಕೊಳ್ಳಬಲ್ಲದು. ಹಳೆಯ ಒಂಟಿ ಕೊಪ್ಪರಿಗೆಯ ಒಲೆಗಳಲ್ಲಿ ಅಷ್ಟು ತಲುಪುವುದಿಲ್ಲ. ಆಗ ರೈತನು ಸೌದೆ ಕೊಳ್ಳಬೇಕು. ಕೆಲವೆಡೆ ಹಳೆಯ ರಬ್ಬರ್ ಟೈರುಗಳನ್ನು ಒಲೆಗೆ ನೂಕುವುದೂ ಉಂಟು. ಅದರ ಹೊಗೆ ತಿನ್ನುವ ಪದಾರ್ಥದ ಸಮೀಪಕ್ಕೆ ಬರತಕ್ಕದ್ದಲ್ಲ. ಹಸಿ ಸಿಪ್ಪೆಯನ್ನೇ ಉರಿಸುವುದೂ ಸರಿಯಲ್ಲ. ಅದು ಕಿಲೋಗೆ 1,750 ಮಾತ್ರ ಕೊಟ್ಟು, ಉರಿಯನ್ನು ಮಂಕುಮಾಡಿ ಮಸಿಯನ್ನು ಕಟ್ಟುವುದು.

ಹಾಗಾದರೆ ಶಾಖವು ಹೋಗುವುದೆಲ್ಲಿಗೆ? ಬಹುಪಾಲು ಹೊಗೆಗೂಡಿನ ದಾರಿಯಿಂದಲೇ. ಆರು ಮೀಟರ್ ಎತ್ತರದ ಗೂಡಿನಲ್ಲಿ ಹೊಗೆ 300 ಡಿಗ್ರಿ ಬಿಸಿಯಾಗಿದ್ದರೆ, ಹೊರಗಿನ ಗಾಳಿಗಿಂತ ಅದು ಹಗುರವಾದ್ದರಿಂದ, ಸುಮಾರು 3 ಮಿಲಿಮೀಟರ್ ನೀರಿನ ಎತ್ತರಕ್ಕೆ ಸಮನಾದ ಸೆಳೆತ ಹುಟ್ಟುವುದು. ನೋಡಲು ಅಲ್ಪವಾದರೂ ಒಲೆ ಉಸಿರಾಡುವುದು ಈ ಸೆಳೆತದಿಂದಲೇ. ಆದರೆ ಅದು ಬೇಕಾದಷ್ಟೇ ಗಾಳಿಯನ್ನು ತರುವುದೆಂಬ ಭರವಸೆಯಿಲ್ಲ. ಒಂದು ಕಿಲೋ ಒಣ ಸಿಪ್ಪೆಗೆ ಸುಮಾರು 8 ಕಿಲೋ ಗಾಳಿ ಸಾಕು. ಹೊಗೆ 500 ಡಿಗ್ರಿಯಲ್ಲಿ ಹೊರಟರೆ ಅಷ್ಟಕ್ಕೇ ನೂರಕ್ಕೆ 30 ಪಾಲು ಶಾಖ ನಷ್ಟ. ಬಾಯಿ ಅಗಲವಾಗಿ ತೆರೆದು 16 ಕಿಲೋ ಗಾಳಿ ಒಳಹೊಕ್ಕು, ಹೊಗೆ ಅದೇ ಉಷ್ಣತೆಯಲ್ಲಿ ಹೊರಟರೆ, ನಷ್ಟ 56 ಪಾಲಿಗೆ ಏರುವುದು. ಒಲೆಯ ಬಾಯಿಗೆ ಒಂದು ಕಬ್ಬಿಣದ ಬಾಗಿಲು, ಗೂಡಿನೊಳಗೆ ಎಳೆದು ನೂಕಬಹುದಾದ ಒಂದು ತಗಡು, ಇವೆರಡರ ಬೆಲೆ ಎಷ್ಟು? ಉರಿ ಹಾಕುವವನು ಬಾಯಿ ತೆರೆದಿಟ್ಟೇ ಸಿಪ್ಪೆ ತುಂಬುವ ಅಭ್ಯಾಸವನ್ನು ಬಿಡಿಸುವುದೇ ಕಷ್ಟ.

ಕೊಪ್ಪರಿಗೆಯ ತಗಡು ದಪ್ಪವಾದ್ದರಿಂದ ರಸ ತಡವಾಗಿ ಕಾಯುವುದೆಂಬ ನಂಬಿಕೆ ಬಹುಮಂದಿಯಲ್ಲಿ ಇದೆ. ಇದು ಸರಿಯಲ್ಲ. ಕಬ್ಬಿಣದ ಮೂಲಕ ಶಾಖ ಸುಲಭವಾಗಿ ಹರಿಯುವುದು; ಕುದಿಯುವ ರಸವೂ ಅದನ್ನು ಬೇಗನೆ ಹೀರುವುದು. ಅಡ್ಡಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೀರಿದ ಪಾಲು ಬಿಸಿಗಾಳಿ ತಳವನ್ನು ತಾಕುವ ಎಡೆಯಲ್ಲಿಯೇ ಇರುವುದು. ಮಸಿಯ ವಾಹಕತೆ ಕಬ್ಬಿಣದ ಹಲವು ನೂರರಲ್ಲಿ ಒಂದು ಪಾಲು; ತಳವನ್ನು ಆಗಾಗ್ಗೆ ಕೆರೆಯುವುದು ಆದ್ದರಿಂದ ವ್ಯರ್ಥ ಶ್ರಮವಲ್ಲ. ತಳಕ್ಕೆ ತಗಡಿನ ಪಟ್ಟಿಗಳನ್ನು ರೆಕ್ಕೆಯಂತೆ ಬೆಸೆದರೆ ಉರಿಗೆ ತಾಕುವ ವಿಸ್ತಾರ ಹೆಚ್ಚುವುದು. ಲಗ್ಗೆರೆ, ಪೀಣ್ಯಗಳಂಥ ಕಡೆ ಕಬ್ಬಿಣ ಬೆಸೆಯುವ ಸಣ್ಣ ಕಾರ್ಖಾನೆಗಳಿಗೆ ಇದು ದೊಡ್ಡ ಕೆಲಸವಲ್ಲ.

ಗೂಡಿನ ಮುಂಚೆ ಎರಡನೆಯ ಕೊಪ್ಪರಿಗೆಯನ್ನು ಕೂರಿಸಿ, ಹೊರಟುಹೋಗುವ ಹೊಗೆಯಿಂದಲೇ ಹಸಿ ರಸವನ್ನು ಕಾಯಿಸಿದರೆ ಮೇಲಿನ 4,400ರಲ್ಲಿ ಬಹುಭಾಗ ಉಳಿಯುವುದು. ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುವ ಕೆಲಸವೂ ಅಲ್ಲಿಯೇ ಆಗುವುದು. ಮುಖ್ಯ ಕೊಪ್ಪರಿಗೆಯಲ್ಲಿ ಪಾಕವು 116-118 ಡಿಗ್ರಿಗೆ ಸಮೀಪಿಸುತ್ತಿರುವಾಗ ಅದು ಮಂದವಾಗಿ ಶಾಖವನ್ನು ಹೀರಲಾರದು, ತಳದಲ್ಲಿ ಸೀಯುವುದು. ಆ ಹೊತ್ತಿಗೆ ಗೂಡಿನ ತಗಡನ್ನು ಮುಚ್ಚಿ ಉರಿಯನ್ನು ಇಳಿಸಬೇಕು.