ಹಾಲಿನ ಚೀಲಕ್ಕೆ ಬೆಲೆಯಿದೆ, ಬಿಸ್ಕತ್ತಿನ ಹೊದಿಕೆಗೆ ಏಕಿಲ್ಲ?

ನಮ್ಮ ಚಾಳುಗಳಿಗೆ ಬರುವ ಭಂಗಾರವಾಲಾ ಹಾಲಿನ ಖಾಲಿ ಚೀಲಗಳನ್ನು ತೂಗಿ ಕಾಸು ಕೊಡುತ್ತಾನೆ. ನೀರಿನ ಬಾಟಲಿಗಳನ್ನೂ ಕೊಳ್ಳುತ್ತಾನೆ. ಆದರೆ ಬಿಸ್ಕತ್ತು, ವೇಫರುಗಳ ಹೊಳೆಯುವ ಹೊದಿಕೆಗಳನ್ನು ಒಂದು ಗೋಣಿ ತುಂಬ ಕೊಟ್ಟರೂ ಬೇಡವೆನ್ನುತ್ತಾನೆ. ಎರಡೂ ಪ್ಲಾಸ್ಟಿಕ್ಕೇ ಅಲ್ಲವೆ? ಈ ಸಣ್ಣ ಪ್ರಶ್ನೆಗೆ ಉತ್ತರ ದೊರೆತರೆ, ಇಂದು ಲೋಕವೆಲ್ಲ ಚಿಂತಿಸುತ್ತಿರುವ ಪ್ಲಾಸ್ಟಿಕ್ ಕಸದ ಸಮಸ್ಯೆ ಅರ್ಧ ಅರ್ಥವಾದಂತೆಯೇ ಸರಿ.

ಪ್ಲಾಸ್ಟಿಕ್ ಎಂಬುದು ಒಂದು ವಸ್ತುವಿನ ಹೆಸರಲ್ಲ, ಒಂದು ಕುಲದ ಹೆಸರು. ಹಾಲಿನ ಚೀಲ ಪಾಲಿಥೀನ್ ಎಂಬ ಜಾತಿಯದು. ನಲ್ಲಿಯ ಬಿಳಿಯ ಕೊಳವೆ ಪಿ.ವಿ.ಸಿ. ನೀರಿನ ಬಾಟಲಿ ‘ಪೆಟ್’ ಎಂಬುದರಿಂದಾದದ್ದು. ಅದರ ತಳವನ್ನು ತಿರುಗಿಸಿ ನೋಡಿದರೆ ತ್ರಿಕೋನದೊಳಗೆ ೧ ಎಂಬ ಅಂಕೆ ಕಾಣುವುದು. ಗಿರಣಿಯಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಈ ಪೆಟ್ ಅಪರಿಚಿತವೇನೂ ಅಲ್ಲ. ೧೯೪೧ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬವರು ಕಂಡುಹಿಡಿದ ಟೆರಿಲೀನ್ ಎಂಬ ನೂಲೂ ಇದೂ ಒಂದೇ ವಸ್ತು. ಆದುದರಿಂದಲೇ ಬಾಟಲಿಗಳನ್ನು ಚೂರುಮಾಡಿ, ತೊಳೆದು, ಕರಗಿಸಿ ಎಳೆ ತೆಗೆಯಲು ಬರುತ್ತದೆ. ನಾವು ಕುಡಿದೆಸೆದ ಬಾಟಲಿ ಹತ್ತಿಯೊಡನೆ ಬೆರೆತು ಅಂಗಿಯಾಗಿ ನಮ್ಮ ಮೈಮೇಲೆಯೇ ಬಂದು ಕುಳಿತರೂ ಆಶ್ಚರ್ಯವಿಲ್ಲ.

ಕರಗಿಸುವ ಮೊದಲು ಜಾತಿಜಾತಿಯಾಗಿ ಬೇರ್ಪಡಿಸಬೇಕು. ಕೆಲಸವೆಲ್ಲ ಇರುವುದು ಇಲ್ಲಿಯೇ. ಪೆಟ್‌ನ ರಾಶಿಯಲ್ಲಿ ಸ್ವಲ್ಪ ಪಿ.ವಿ.ಸಿ. ಸೇರಿದರೂ ಮಾಲು ಕೆಡುತ್ತದೆ. ನಮ್ಮ ಧಾರಾವಿಯ ‘ತೇರಾ ಕಂಪೌಂಡ್’ಗೆ ಹೋದರೆ ಈ ವಿದ್ಯೆಯನ್ನು ಕಣ್ಣಾರೆ ಕಾಣಬಹುದು. ಅಲ್ಲಿಯ ಕೆಲಸಗಾರರು ಕೈಯಿಂದ ಮುಟ್ಟಿ, ಬಗ್ಗಿಸಿ, ಕೆಲವೊಮ್ಮೆ ತುಸು ಸುಟ್ಟು ಮೂಸಿ, ಇದು ಇಂಥದೆಂದು ಹೇಳಬಲ್ಲರು. ನೀರಿನ ತೊಟ್ಟಿಯಲ್ಲಿ ಹಾಕಿದರೆ ಪಾಲಿಥೀನ್ ತೇಲುತ್ತದೆ, ಪೆಟ್ ಮುಳುಗುತ್ತದೆ. ಅದೂ ಒಂದು ಪರೀಕ್ಷೆ. ಯಾವ ಕಾಲೇಜಿನಲ್ಲಿಯೂ ಕಲಿಯದ ಈ ಜನರ ಜ್ಞಾನಕ್ಕೆ ನಾವು ಕೊಡುವ ಗೌರವ ಬಹಳ ಕಡಿಮೆ. ಆ ಹೊಗೆಯಲ್ಲಿ ಅವರ ಎದೆಗೂಡು ಏನಾಗುತ್ತದೆಂದು ಕೇಳುವವರೂ ಕಡಿಮೆ.

ಇನ್ನು ಬಿಸ್ಕತ್ತಿನ ಹೊದಿಕೆಯ ಮಾತು. ಅದು ಒಂದೇ ಹಾಳೆಯಂತೆ ಕಂಡರೂ ಎರಡು ಮೂರು ಪದರಗಳನ್ನು ಅಂಟಿಸಿದ್ದು. ಗಾಳಿ, ತೇವ ಒಳಹೋಗದಿರಲೆಂದು ನಡುವೆ ಅಲ್ಯುಮಿನಿಯಮ್ಮಿನ ಅತಿ ತೆಳುವಾದ ಲೇಪವೂ ಇರುತ್ತದೆ. ಬಿಸ್ಕತ್ತು ಗರಿಗರಿಯಾಗಿರುವುದು ಇದರಿಂದಲೇ ಸರಿ. ಆದರೆ ಆ ಪದರಗಳನ್ನು ಬಿಡಿಸುವ ಖರ್ಚು ಬರುವ ಬೆಲೆಗಿಂತ ಹೆಚ್ಚು. ಹೀಗಾಗಿ ಆಯುವವರೂ ಅದನ್ನು ಬಿಟ್ಟುಹೋಗುತ್ತಾರೆ. ಅದು ಗಟಾರ ಸೇರುತ್ತದೆ, ಅಲ್ಲಿಂದ ಸಮುದ್ರ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ ೯೪೪ ಮಿಲಿಮೀಟರ್ ಮಳೆ ಸುರಿದುದು ಹಲವರ ನೆನಪಿನಲ್ಲಿರಬೇಕು. ಅಂದಿನ ಪ್ರಳಯಕ್ಕೆ ಪ್ಲಾಸ್ಟಿಕ್ಕೊಂದೇ ಕಾರಣವೆಂದರೆ ತಪ್ಪಾದೀತು. ಮಿಠಿ ನದಿಯನ್ನು ಒತ್ತಿ ಕಿರಿದುಮಾಡಿದವರಿಗೆ ಅದು ಸುಲಭವಾದ ನೆಪ. ಆದರೆ ಗಟಾರಗಳ ಬಾಯನ್ನು ಚೀಲಗಳು ಕಟ್ಟಿದ್ದೂ ಸುಳ್ಳಲ್ಲ. ಗಟಾರಗಳಿಗಾದ ಇದೇ ಅನುಭವದಿಂದ ಬಾಂಗ್ಲಾದೇಶವು ೨೦೦೨ರಲ್ಲಿಯೇ ತೆಳು ಚೀಲಗಳನ್ನು ನಿಷೇಧಿಸಿತ್ತು.

ಲೋಕದ ಲೆಕ್ಕ ನೋಡಿದರೆ ಎದೆ ಝಲ್ಲೆನ್ನುತ್ತದೆ. ೧೯೫೦ರಲ್ಲಿ ವರ್ಷಕ್ಕೆ ಸುಮಾರು ೨೦ ಲಕ್ಷ ಟನ್ನಿದ್ದ ಪ್ಲಾಸ್ಟಿಕ್ ಉತ್ಪಾದನೆ ೨೦೧೯ಕ್ಕೆ ಸುಮಾರು ೪೬ ಕೋಟಿ ಟನ್ನಿಗೆ ಏರಿತು. ೨೦೧೫ರವರೆಗೆ ಕಸವಾದ ಪ್ಲಾಸ್ಟಿಕ್ಕಿನಲ್ಲಿ ಮರಳಿ ಬಳಕೆಗೆ ಬಂದುದು ನೂರಕ್ಕೆ ೯ ಪಾಲು, ಸುಟ್ಟದ್ದು ೧೨. ಮಿಕ್ಕ ೭೯ ಪಾಲು ಕಸದ ಗುಡ್ಡಗಳಲ್ಲಿಯೂ ನೆಲಜಲಗಳಲ್ಲಿಯೂ ಬಿದ್ದಿದೆ. ಶ್ರೀಮಂತ ದೇಶಗಳು ತಮ್ಮ ಕಸವನ್ನು ಬಹುಕಾಲ ಚೀನಾಕ್ಕೆ ಹಡಗಿನಲ್ಲಿ ಕಳುಹಿಸಿ ಕೈತೊಳೆದುಕೊಳ್ಳುತ್ತಿದ್ದವು. ೨೦೧೮ರ ಆರಂಭದಿಂದ ಚೀನಾ ಬಾಗಿಲು ಮುಚ್ಚಿತು. ಆ ಹಡಗುಗಳು ಮಲೇಶಿಯಾ, ಥೈಲೆಂಡುಗಳತ್ತ ತಿರುಗಿದವು. ಮಲೇಶಿಯಾ ಕೆಲವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಅಟ್ಟಿತು. ಕಸವನ್ನು ಸಾಗಿಸುವುದು ಬೇರೆ, ನಿವಾರಿಸುವುದು ಬೇರೆ.

ಬೆಲೆಯಿಲ್ಲದ ಕಸಕ್ಕೆ ಬೆಲೆ ಕಟ್ಟುವ ಉಪಾಯವನ್ನು ಜರ್ಮನಿ ೨೦೦೩ರಲ್ಲಿ ಜಾರಿಗೆ ತಂದಿತು. ಅಲ್ಲಿ ಬಾಟಲಿ ಕೊಳ್ಳುವಾಗಲೇ ೨೫ ಸೆಂಟ್ ಠೇವಣಿ ಇಡಬೇಕು. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಹಣ ವಾಪಸು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬಾಟಲಿಗಳು ಮರಳಿ ಬರುತ್ತವೆ. ಸೋಡಾ ಬಾಟಲಿಗೆ ಡಿಪಾಜಿಟ್ ಇಟ್ಟ ನಮಗೆ ಇದರಲ್ಲಿ ಹೊಸತೇನಿದೆ! ಮಹಾರಾಷ್ಟ್ರ ಸರಕಾರದ ೨೦೧೮ರ ನಿಷೇಧಾಜ್ಞೆಯಲ್ಲಿಯೂ ಹಾಲಿನ ಚೀಲವೊಂದಕ್ಕೆ ೫೦ ಪೈಸೆ ಕೊಟ್ಟು ಮರಳಿ ಕೊಳ್ಳಬೇಕೆಂಬ ಮಾತಿತ್ತು. ಆದರೆ ಅದು ಹಾಲಿನ ಅಂಗಡಿಗಳಲ್ಲಿ ರೂಢಿಗೆ ಬರಲಿಲ್ಲ.

ಇದಕ್ಕಿಂತ ಪುಣೆಯ ದಾರಿ ನಮಗೆ ಹೆಚ್ಚು ಒಪ್ಪುವಂಥದು. ಅಲ್ಲಿ ಕಸ ಆಯುವವರು, ಬಹುಪಾಲು ಹೆಂಗಸರು, ೧೯೯೩ರಲ್ಲಿ ತಮ್ಮದೇ ಸಂಘ ಕಟ್ಟಿದರು. ಆ ಬಲದಿಂದ ‘ಸ್ವಚ್ಛ್’ ಎಂಬ ಸಹಕಾರಿ ಸಂಸ್ಥೆ ಹುಟ್ಟಿ, ೨೦೦೮ರಲ್ಲಿ ಮಹಾನಗರಪಾಲಿಕೆಯೊಡನೆ ಕರಾರಾಯಿತು. ಅವರು ಮನೆಬಾಗಿಲಿಗೆ ಬಂದು ಕಸ ಒಯ್ಯುತ್ತಾರೆ. ಮನೆಯವರು ತಿಂಗಳ ಶುಲ್ಕ ಕೊಡುತ್ತಾರೆ. ಆಯ್ದ ಮಾಲನ್ನು ಮಾರಿದ ಹಣವೂ ಅವರದೇ.

ಬಿಸ್ಕತ್ತಿನ ಹೊದಿಕೆಗೆ ಮಾತ್ರ ನಮ್ಮ ಖೋಲಿಯಲ್ಲಿ ಮದ್ದಿಲ್ಲ. ಅದನ್ನು ತಯಾರಿಸುವವರೇ ಪದರ ಬದಲಿಸಬೇಕು, ಇಲ್ಲವೆ ಮರಳಿ ಪಡೆಯುವ ಖರ್ಚು ಹೊರಬೇಕು. ನಮ್ಮ ದೇಶದ ಕಾನೂನು ಆ ಹೊಣೆಯನ್ನು ಅವರ ಮೇಲೆ ಹೊರಿಸಿಯೂ ಇದೆ. ಅದನ್ನು ಒಲೆಗೆ ಹಾಕುವ ಅಭ್ಯಾಸ ಕೆಲವರಲ್ಲಿದೆ. ಮಕ್ಕಳಿರುವ ಖೋಲಿಯಲ್ಲಿ ಆ ವಿಷದ ಹೊಗೆ ಖಂಡಿತ ಬೇಡ. ಹಾಲಿನ ಚೀಲದ ವಿಷಯದಲ್ಲಾದರೆ ಕೆಲಸ ನಮ್ಮ ಕೈಯಲ್ಲೇ ಇದೆ. ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯದೆ, ಚೀಲಕ್ಕೆ ಅಂಟಿಕೊಂಡಿರುವಂತೆ ಅರ್ಧ ಸೀಳಿದರೆ ಸಾಕು; ಹಾಲು ಸುರಿಯಲು ಅಡ್ಡಿಯಿಲ್ಲ. ಬಳಿಕ ತೊಳೆದು ಒಣಗಿಸಿಟ್ಟರೆ ವಾಸನೆ ಬಾರದು, ಭಂಗಾರವಾಲಾನೂ ತಕರಾರಿಲ್ಲದೆ ಕೊಳ್ಳುತ್ತಾನೆ. ಬೇರ್ಪಟ್ಟ ಆ ಉಗುರಿನಷ್ಟು ಮೂಲೆಯನ್ನಾದರೋ ಯಾರೂ ಆಯುವುದಿಲ್ಲ.